ಈ ರಾತ್ರಿ ಲಂಗರು ಎಲ್ಲಿ?

ಸ್ವಂತ ಕಾರುಳ್ಳವರು ರಜೆ ಸಮೀಪಿಸಿದೊಡನೆ ಭೂಪಟವನ್ನು ಹರಡಿಕೊಂಡು ಕೂಡುವುದು ವಾಡಿಕೆ. ಸ್ವಂತ ಹಾಯಿನೌಕೆಯುಳ್ಳವರೂ ಹಾಗೆಯೇ ಕೂಡುತ್ತಾರೆ. ಆದರೆ ಅವರು ಹರಡಿಕೊಳ್ಳುವ ಪಟದಲ್ಲಿ ನೆಲವೆಲ್ಲ ಬರಿದಾಗಿದ್ದು, ನೀರಿನ ಮೇಲೆಲ್ಲ ಅಂಕಿಗಳು ಇರುವೆಯ ಸಾಲಿನಂತೆ ಹರಿದಿರುತ್ತವೆ. ಆ ಅಂಕಿಗಳು ನೀರಿನ ಆಳವನ್ನು ಸೂಚಿಸತಕ್ಕವು. ಅವುಗಳ ನಡುವೆ ಅಲ್ಲಲ್ಲಿ ಒಂದು ಪುಟ್ಟ ಲಂಗರಿನ ಚಿತ್ರ. ಇಲ್ಲಿ ರಾತ್ರಿ ತಂಗಬಹುದೆಂಬುದು ಅದರ ಅರ್ಥ. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ತಿರುಗಾಡಿ ಅಭ್ಯಾಸವಾದ ನಮ್ಮಂಥವರಿಗೆ “ಯಾವ ಊರನ್ನು ನೋಡೋಣ?” ಎಂಬುದೇ ಮೊದಲ ಪ್ರಶ್ನೆ. ಹಾಯಿನೌಕೆಯವನ ಮೊದಲ ಪ್ರಶ್ನೆ “ಈ ರಾತ್ರಿ ಲಂಗರು ಎಲ್ಲಿ?” ಎಂಬುದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂದು ನನಗೆ ಮನವರಿಕೆಯಾದದ್ದು ಕಳೆದ ಸೆಪ್ಟೆಂಬರಿನಲ್ಲಿ, ನಡುರಾತ್ರಿ ಕಳೆದು ಎರಡು ಗಂಟೆಯಾದಾಗ, ಏಡ್ರಿಯಾಟಿಕ್ ಸಮುದ್ರದ ನಡುವೆ.

ನನ್ನ ಸಹಪಾಠಿಯೊಬ್ಬರು ಬಹುಕಾಲದಿಂದ ವಿಯೆನ್ನಾ ನಗರದಲ್ಲಿ ನೆಲೆಸಿದ್ದಾರೆ. ಅಲ್ಲಿನ ಇಬ್ಬರು ಮಿತ್ರರೊಡನೆ ಪಾಲುಗೂಡಿ ಹನ್ನೊಂದು ಮೀಟರು ಉದ್ದದ ಒಂದು ಹಳೆಯ ಹಾಯಿನೌಕೆಯನ್ನು ಕೊಂಡಿದ್ದಾರೆ. ಆಸ್ಟ್ರಿಯ ದೇಶಕ್ಕೆ ಕಡಲಿಲ್ಲವಲ್ಲ, ನೌಕೆಯೇಕೆ ಎಂದು ವಾಚಕರು ಕೇಳಬಹುದು. ಮೊದಲನೆಯ ಮಹಾಯುದ್ಧ ಮುಗಿಯುವವರೆಗೆ, ಎಂದರೆ 1918ರವರೆಗೆ, ಡಾಲ್ಮೇಷಿಯದ ಕರಾವಳಿ ಆಸ್ಟ್ರಿಯ–ಹಂಗೆರಿ ಸಾಮ್ರಾಜ್ಯದ್ದಾಗಿತ್ತು. ಕಡಲು ಕೈಬಿಟ್ಟುಹೋದರೂ ಕಡಲಿನ ಚಟ ಅಲ್ಲಿನವರನ್ನು ಬಿಟ್ಟಿಲ್ಲ. ಮಿತ್ರರ ನೌಕೆ ನಿಲ್ಲುವುದು ಇಂದಿನ ಕ್ರೊಯೇಷಿಯದ ಸ್ಪ್ಲಿಟ್ ಪಟ್ಟಣದಲ್ಲಿ. ಅಲ್ಲಿಂದ ಡುಬ್ರೊವ್ನಿಕ್‌ವರೆಗೆ ದ್ವೀಪದಿಂದ ದ್ವೀಪಕ್ಕೆ ಹನ್ನೆರಡು ದಿನಗಳ ವಿಹಾರಕ್ಕೆ ನಮ್ಮ ದಂಪತಿಗಳಿಬ್ಬರನ್ನು ಕರೆದರು. ಈಜು ಬಾರದ ನಾನು ಒಪ್ಪಿದೆ. ಈಜು ಬಲ್ಲ ನನ್ನ ಹೆಂಡತಿ ಒಂದು ವಾರ ಯೋಚಿಸಿ ಒಪ್ಪಿದಳು.

ಮುಳುಗಿದ ಬೆಟ್ಟಗಳು

ಶಾಲೆಯಲ್ಲಿ ಭೂಗೋಳ ಓದಿದವರಿಗೆ “ಡಾಲ್ಮೇಷಿಯ ಮಾದರಿಯ ಕರಾವಳಿ” ಎಂಬ ಮಾತು ನೆನಪಿರಬಹುದು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಈ ಮಾತನ್ನು ಕಣ್ಣಾರೆ ನೋಡಿದಾಗ ಆಗುವ ಸಂತೋಷವೇ ಬೇರೆ. ಇಲ್ಲಿ ಬೆಟ್ಟದ ಸಾಲುಗಳು ಕಡಲಿಗೆ ಅಡ್ಡವಾಗಿರದೆ ಸಮಾನಾಂತರವಾಗಿ ಹಬ್ಬಿವೆ. ಹಿಮಯುಗ ಮುಗಿದು ಮಂಜು ಕರಗಿದಾಗ ಲೋಕದ ಕಡಲುಗಳೆಲ್ಲ ನೂರು ಮೀಟರಿಗೂ ಮಿಕ್ಕಿ ಮೇಲೇರಿದವು. ಕಣಿವೆಗಳಿಗೆ ನೀರು ನುಗ್ಗಿತು. ಬೆಟ್ಟಗಳ ಬೆನ್ನು ಮಾತ್ರ ನೀರಿನ ಮೇಲೆ ಉಳಿದು ಉದ್ದುದ್ದನೆಯ ದ್ವೀಪಗಳಾದವು. ಕ್ರೊಯೇಷಿಯದಲ್ಲಿ ದ್ವೀಪಗಳು, ನಡುಗಡ್ಡೆಗಳು, ಬಂಡೆಗಳು ಎಲ್ಲ ಸೇರಿ ಸಾವಿರಕ್ಕೂ ಮಿಕ್ಕಿ ಇವೆ. ಜನವಸತಿಯುಳ್ಳವು ಸುಮಾರು ಐವತ್ತು. ನಮ್ಮ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ ಸುಮಾರು ಮುನ್ನೂರು ಕಿಲೋಮೀಟರು. ಕ್ರೊಯೇಷಿಯದ ಮುಖ್ಯಭೂಮಿಯ ದಡವನ್ನು ಅದರ ಅಂಕುಡೊಂಕುಗಳೊಡನೆ ಅಳೆದರೆ ಸುಮಾರು 1,800 ಕಿಲೋಮೀಟರು ಆಗುತ್ತದೆ. ದ್ವೀಪಗಳ ದಡ ಇದರ ಲೆಕ್ಕಕ್ಕೆ ಹೊರಗು.

ಅಂದಚೆಂದದ ಮಾತನ್ನು ಬದಿಗಿಟ್ಟು ನೌಕೆಯವನ ಕಣ್ಣಿನಿಂದ ನೋಡಿದರೆ ಈ ಕರಾವಳಿಗೆ ಇನ್ನೆರಡು ಅನುಕೂಲಗಳುಂಟು. ಹಾಯಿನೌಕೆಯ ಅಡಿಯಲ್ಲಿ ಸೀಸದ್ದೋ ಕಬ್ಬಿಣದ್ದೋ ಭಾರವಾದ ಅಡಿಹಲಗೆ ಇಳಿಬಿದ್ದಿರುತ್ತದೆ. ಗಾಳಿ ಹಾಯಿಯನ್ನು ತಳ್ಳಿದಾಗ ನೌಕೆ ಮಗುಚದಂತೆ ತಡೆಯುವುದು ಅದೇ. ಮಿತ್ರರ ನೌಕೆ ತೇಲಬೇಕಾದರೆ ಎರಡು ಮೀಟರು ಆಳದ ನೀರು ಬೇಕು. ನಮ್ಮಲ್ಲಿ ಶರಾವತಿ, ಅಘನಾಶಿನಿಗಳಂಥ ನದಿಗಳು ಘಟ್ಟದಿಂದ ಮಣ್ಣುಮರಳನ್ನು ಹೊತ್ತು ತಂದು ಅಳಿವೆಯ ಬಾಯಲ್ಲಿ ಸುರಿಯುತ್ತವೆ. ಒಳಗೆ ಎಷ್ಟೇ ವಿಶಾಲವಾದ ನೀರಿದ್ದರೂ ಹೊಸ್ತಿಲಿನಲ್ಲಿಯೇ ಮರಳಿನ ದಿಬ್ಬ. ಡಾಲ್ಮೇಷಿಯದ್ದು ಸುಣ್ಣಕಲ್ಲಿನ ನೆಲ. ಮಳೆಯ ನೀರು ನೆಲದೊಳಗೆ ಇಂಗಿ, ಗವಿಗಳಲ್ಲಿ ಹರಿದು, ಕಡಲ ದಡದಲ್ಲಿ ತಿಳಿಯಾಗಿ ಚಿಮ್ಮುತ್ತದೆ. ಮರಳು ಕಡಿಮೆ, ದಡದ ಬಂಡೆಯ ಪಕ್ಕದಲ್ಲಿಯೇ ಆಳವಾದ ನೀರು. ಎರಡನೆಯದು, ಉಬ್ಬರ–ಇಳಿತ ಬಹಳ ಅಲ್ಪ. ಈ ಭಾಗದಲ್ಲಿ ಒಂದು ಅಡಿಯ ಆಸುಪಾಸು. ಐನೂರು ವರ್ಷದ ಹಿಂದೆ ಕಟ್ಟಿದ ಕಲ್ಲುಕಟ್ಟೆಗೆ ಇಂದಿಗೂ ನೌಕೆಯ ಹಿಂಭಾಗವನ್ನು ತಾಗಿಸಿ, ಹಲಗೆ ಇಟ್ಟು, ಚಪ್ಪಲಿ ನೆನೆಯದಂತೆ ಊರೊಳಕ್ಕೆ ನಡೆದುಹೋಗಬಹುದು.

ಸ್ಪ್ಲಿಟ್ ಪಟ್ಟಣದಲ್ಲಂತೂ ನೌಕೆಯಿಂದ ಇಳಿದು ಕೆಲವು ಹೆಜ್ಜೆ ಇಟ್ಟರೆ ರೋಮ್ ಚಕ್ರವರ್ತಿಯ ಅರಮನೆ. ಡಯೊಕ್ಲೀಷಿಯನ್ ಕ್ರಿ.ಶ. 305ರಲ್ಲಿ ಸಿಂಹಾಸನವನ್ನು ತಾನಾಗಿಯೇ ಬಿಟ್ಟು ಇಲ್ಲಿಗೆ ಬಂದು ನೆಲೆಸಿದನು. ಮತ್ತೆ ಅಧಿಕಾರ ವಹಿಸಬೇಕೆಂದು ಕೇಳಿಕೊಂಡವರಿಗೆ, ನಾನು ಬೆಳೆದಿರುವ ಎಲೆಕೋಸನ್ನು ನೀವು ಕಂಡಿದ್ದರೆ ಹೀಗೆ ಕೇಳುತ್ತಿರಲಿಲ್ಲವೆಂದನಂತೆ. ಅವನ ಕಾಲದಲ್ಲಿ ಅರಮನೆಯ ದಕ್ಷಿಣದ ಗೋಡೆಗೆ ಕಡಲು ತಾಗುತ್ತಿತ್ತು. ಈಗ ಗೋಡೆಯೊಳಗೆ ಜನ ಸಂಸಾರ ಹೂಡಿದ್ದಾರೆ. ಕಂಬಗಳ ನಡುವೆ ಬಟ್ಟೆ ಒಣಗುತ್ತಿರುತ್ತದೆ.

ದಿಕ್ಕಿಗೊಂದು ಗಾಳಿ

ಹೊರಡುವ ಮುನ್ನ ಮಿತ್ರರು ನಮಗೆ ಮೂರು ಗಾಳಿಗಳ ಪಾಠ ಹೇಳಿದರು. ಅದು ನನ್ನ ತಲೆಗೆ ಹತ್ತಿದ್ದು ಅಷ್ಟದಿಕ್ಪಾಲಕರ ಸಹಾಯದಿಂದ.

ಮೊದಲನೆಯದು ವಾಯವ್ಯದ ಗಾಳಿ, ವಾಯುದೇವನ ಮೂಲೆಯದು. ಇದರ ಹೆಸರು ಮಾಯೆಸ್ತ್ರಾಲ್. ಬೇಸಗೆಯಲ್ಲಿ ಹವೆ ಸ್ಥಿರವಾಗಿದ್ದಾಗ ದಿನವೂ ಬೆಳಗಿನ ಹತ್ತು ಹನ್ನೊಂದರ ವೇಳೆಗೆ ಮೆಲ್ಲನೆ ಏಳುತ್ತದೆ; ಮೂರು ಗಂಟೆಗೆ ಅದರ ಯೌವನ; ಸೂರ್ಯನು ಇಳಿದಂತೆ ಅದೂ ಇಳಿಯುತ್ತದೆ. ಬಿಸಿಲಿಗೆ ಕಾದ ನೆಲದ ಕಡೆಗೆ ಕಡಲಿನ ತಂಪು ಗಾಳಿ ಸರಿಯುವುದೇ ಇದರ ಗುಟ್ಟು. ಹಾಯಿಯವನಿಗೆ ಇದಕ್ಕಿಂತ ಸುಶೀಲವಾದ ಗಾಳಿ ಮತ್ತೊಂದಿಲ್ಲ.

ಎರಡನೆಯದು ಆಗ್ನೇಯದ ಗಾಳಿ, ಯೂಗೊ. ಅಲ್ಲಿನ ನುಡಿಯಲ್ಲಿ ‘ಯೂಗ್’ ಎಂದರೆ ದಕ್ಷಿಣ. ಹಿಂದಿನ ಯೂಗೊಸ್ಲಾವಿಯದ ಹೆಸರಿನಲ್ಲಿದ್ದದ್ದು ಈ ಶಬ್ದವೇ. ಅಗ್ನಿಯ ಮೂಲೆಯಿಂದ ಬಂದರೂ ಇದು ತರುವುದು ಮಳೆ, ಮೋಡ, ಬೆವರು. ಒಮ್ಮೆಗೇ ಮೇಲೆ ಬೀಳುವ ಸ್ವಭಾವದ್ದಲ್ಲ. ಎರಡು ಮೂರು ದಿನ ಹುಬ್ಬುಗಂಟಿಕ್ಕಿಕೊಂಡು ಬೆಳೆಯುತ್ತದೆ. ಏಡ್ರಿಯಾಟಿಕ್ ಸಮುದ್ರದ ಉದ್ದಕ್ಕೂ ಓಡಿಬರುವುದರಿಂದ ದೊಡ್ಡ ಅಲೆಗಳನ್ನು ಎಬ್ಬಿಸುತ್ತದೆ. ಈ ಗಾಳಿ ಬೀಸುವಾಗ ಮನುಷ್ಯರ ಬುದ್ಧಿ ಮಂಕಾಗುವುದೆಂದು ಜನರ ನಂಬಿಕೆ. ಹಿಂದೆ ಡುಬ್ರೊವ್ನಿಕ್ ಗಣರಾಜ್ಯದ ಹಿರಿಯರು ಯೂಗೊ ಇರುವ ದಿನ ಮುಖ್ಯವಾದ ಯಾವ ತೀರ್ಮಾನವನ್ನೂ ಮಾಡುತ್ತಿರಲಿಲ್ಲವೆಂದು ಹೇಳಿಕೆಯಿದೆ. ನಿಜವೋ ಸುಳ್ಳೋ, ನಮ್ಮ ಸಭೆಗಳಿಗೂ ಇಂಥದೊಂದು ನೆಪ ಇದ್ದಿದ್ದರೆ ಒಳ್ಳೆಯದಾಗುತ್ತಿತ್ತು.

ಮೂರನೆಯದು ಈಶಾನ್ಯದ್ದು. ಈಶಾನನೆಂದರೆ ರುದ್ರ. ಈ ಗಾಳಿಯ ಹೆಸರು ಬೂರಾ. ಕರಾವಳಿಯ ಬೆನ್ನಿಗಿರುವ ಬೆಟ್ಟಗಳ ಆಚೆ ತಣ್ಣನೆಯ, ಭಾರವಾದ ಗಾಳಿ ಕೆರೆಯ ನೀರಿನಂತೆ ತುಂಬಿಕೊಳ್ಳುತ್ತದೆ. ಕೋಡಿ ಬಿದ್ದಾಗ ಬೆಟ್ಟದ ಇಳಿಜಾರಿನಲ್ಲಿ ಧುಮುಕಿ ಕಡಲಿಗೆ ಅಪ್ಪಳಿಸುತ್ತದೆ. ಚಳಿಗಾಲದಲ್ಲಿ ಇದರ ಹೊಡೆತ ಗಂಟೆಗೆ ಇನ್ನೂರು ಕಿಲೋಮೀಟರನ್ನೂ ಮೀರಿದ್ದುಂಟು. ಉತ್ತರದ ಪಾಗ್ ದ್ವೀಪದ ಈಶಾನ್ಯ ಮಗ್ಗುಲು ಬೂರಾ ಎರಚುವ ಉಪ್ಪುನೀರಿನಿಂದ ಬೋಳಾಗಿ ಚಂದ್ರಲೋಕದಂತಿದೆ. ಆ ಉಪ್ಪು ಹತ್ತಿದ ಗಿಡಗಳನ್ನು ಮೇಯ್ದ ಕುರಿಗಳ ಹಾಲಿನ ಚೀಸಿಗೆ ದೇಶಾಂತರಗಳಲ್ಲಿ ಹೆಸರು. ಬೂರಾ ಬರುವುದಕ್ಕೆ ಒಂದು ಹಳೆಯ ಗುರುತಿದೆ: ಶುಭ್ರವಾದ ಆಕಾಶದಲ್ಲಿ ಬೆಟ್ಟದ ಶಿಖರಕ್ಕೆ ಮಾತ್ರ ಹತ್ತಿಯ ಟೊಪ್ಪಿಗೆ ಹಾಕಿದಂತೆ ಒಂದು ಮೋಡ.

ಈ ಪಾಠವಾದ ಮೇಲೆ ಮಿತ್ರರು ಪಟದಲ್ಲಿ ಕೊಲ್ಲಿಗಳನ್ನು ಒಂದೊಂದಾಗಿ ತೋರಿಸಿದರು. ಈ ಕೊಲ್ಲಿಯ ಬಾಗಿಲು ಉತ್ತರಕ್ಕೆ, ಅದರದು ಪಡುವಲಿಗೆ, ಇನ್ನೊಂದಕ್ಕೆ ತೆಂಕಣ ಮಗ್ಗುಲಿನಲ್ಲಿ ಗುಡ್ಡದ ಮರೆ. ವಾಸ್ತು ನೋಡಿ ಮನೆ ಹಿಡಿಯುವವರಂತೆ ಬಾಗಿಲಿನ ದಿಕ್ಕಿನ ಮೇಲೆಯೇ ಇಲ್ಲಿ ಎಲ್ಲ ವಿಚಾರ.

ಬ್ರಾಚ್ ದ್ವೀಪದ ಮೊದಲ ರಾತ್ರಿ

ಮೊದಲ ದಿನ ಮಾಯೆಸ್ತ್ರಾಲ್ ನಮ್ಮನ್ನು ಮಗುವಿನಂತೆ ತೂಗಿಕೊಂಡು ಹೋಯಿತು. ಯಂತ್ರ ನಿಂತು, ಹಾಯಿ ಉಬ್ಬಿ, ನೀರು ಮಾತ್ರ ಪಿಸುಗುಟ್ಟುವ ಆ ಗಳಿಗೆಗಾಗಿ ಜನ ಕಷ್ಟಪಟ್ಟು ಕೂಡಿಟ್ಟ ಹಣವನ್ನು ನೀರಿಗೆ ಸುರಿಯುವುದರಲ್ಲಿ ಆಶ್ಚರ್ಯವಿಲ್ಲ. ನೌಕೆಯ ಅಡಿಗೆಮನೆಯಲ್ಲಿ ಒಲೆಯನ್ನು ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ. ನೌಕೆ ಎಷ್ಟು ವಾಲಿದರೂ ಒಲೆ ನೆಟ್ಟಗೆ ನಿಲ್ಲುತ್ತದೆ. ಮನೆಯಿಂದ ತಂದಿದ್ದ ಪುಡಿಯಿಂದ ನನ್ನ ಹೆಂಡತಿ ಅದರ ಮೇಲೆ ಸಾರು ಮಾಡಿದಳು. ಸಾರು ಚೆಲ್ಲಲಿಲ್ಲ; ಮಾಡಿದವಳು ಮಾತ್ರ ಎರಡು ಬಾರಿ ಜಾರಿದಳು.

ಸಂಜೆ ನಾಲ್ಕರ ವೇಳೆಗೆ ಬ್ರಾಚ್ ದ್ವೀಪದ ಉತ್ತರ ಮಗ್ಗುಲಿನ ಒಂದು ಚಿಕ್ಕ ಕೊಲ್ಲಿಯನ್ನು ಹೊಕ್ಕೆವು. ಅಂಥ ತಾಣವನ್ನು ನಾನು ಚಿತ್ರಗಳಲ್ಲಿ ಮಾತ್ರ ಕಂಡಿದ್ದೆ. ದೇವದಾರುವಿನ ಜಾತಿಯ ಮರಗಳು ನೀರಿನವರೆಗೂ ಇಳಿದಿದ್ದವು. ಎಂಟು ಮೀಟರು ಆಳದಲ್ಲಿ ತಳದ ಬಿಳಿಯ ಮರಳು ನಿಚ್ಚಳವಾಗಿ ಕಾಣುತ್ತಿತ್ತು, ನಡುವೆ ನಡುವೆ ಕಪ್ಪನೆಯ ತೇಪೆಗಳು. ನಮ್ಮ ಹೊರತು ಇನ್ನೊಂದು ನೌಕೆಯಿರಲಿಲ್ಲ. ಲಂಗರು ಇಳಿಸಿದೆವು.

ಕತ್ತಲಾಗುವ ಮೊದಲು ಒಬ್ಬ ಮುದುಕ ಬೆಸ್ತ ಪುಟ್ಟ ದೋಣಿಯಲ್ಲಿ ಬಲೆ ಎಳೆದುಕೊಂಡು ನಮ್ಮ ಪಕ್ಕದಲ್ಲಿ ಹಾದನು. ನಮ್ಮನ್ನೊಮ್ಮೆ ನೋಡಿ, ಮುಖ್ಯಭೂಮಿಯ ಮೊಸೋರ್ ಬೆಟ್ಟದ ಕಡೆಗೆ ಗಲ್ಲ ಎತ್ತಿ ತೋರಿಸಿ, “ಬೂರಾ” ಎಂದು ಒಂದೇ ಮಾತು ಆಡಿ ಹೋದನು. ಬೆಟ್ಟದ ತಲೆಯ ಮೇಲೆ ಹತ್ತಿಯ ಟೊಪ್ಪಿಗೆ ಇತ್ತು. ಮಿತ್ರರು ಹವಾಮಾನದ ವರದಿಯನ್ನು ನೋಡಿದರು. ಮರುದಿನ ಮಧ್ಯಾಹ್ನದ ಮೇಲೆ ಎಂದಿತ್ತು. ಬೆಳಗಾಗೆದ್ದು ಹೊರಟರಾಯಿತು ಎಂದರು. ಅವರನ್ನು ದೂರುವುದು ನ್ಯಾಯವಲ್ಲ. ಇಂಥ ಜಾಗವನ್ನು ಬಿಟ್ಟು ಹೋಗುವುದೇ ಎಂದು ಹೆಚ್ಚು ಹಟ ಹಿಡಿದವನು ನಾನು.

ಎರಡು ಗಂಟೆಗೆ ಎಚ್ಚರವಾದದ್ದು ಸದ್ದಿನಿಂದ. ದೂರದಲ್ಲಿ ರೈಲು ಸುರಂಗದೊಳಗೆ ಓಡುವಂತೆ ಒಂದು ಗರ್ಜನೆ. ಮರುಕ್ಷಣ ಕೂವೆಮರದ ಹಗ್ಗಗಳೆಲ್ಲ ಸಿಳ್ಳು ಹಾಕತೊಡಗಿದವು. ಮೇಲೆ ಬಂದು ನೋಡಿದರೆ ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲ. ನಕ್ಷತ್ರಗಳು ಥಳಥಳಿಸುತ್ತಿವೆ. ಕೊಲ್ಲಿಯ ಬಾಗಿಲು ಈಶಾನ್ಯಕ್ಕೇ ಇತ್ತು. ಆಳ ತೋರಿಸುವ ಯಂತ್ರದ ಅಂಕಿಯನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಎಂಟು. ಏಳು. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಐದೂವರೆ. ಲಂಗರು ಜಾರುತ್ತಿತ್ತು, ನೌಕೆ ಹಿಂದು ಹಿಂದಕ್ಕೆ ಬಂಡೆಗಳ ಕಡೆಗೆ ಸರಿಯುತ್ತಿತ್ತು. ಹೆಂಡತಿ ಬ್ಯಾಟರಿ ದೀಪದ ಬೆಳಕನ್ನು ದಡಕ್ಕೆ ಹಿಡಿದು ಕೂತಿದ್ದಳು. ಅವಳ ಬಾಯಿಂದ ಮಾತಿಲ್ಲ. ನಾಲ್ಕು ಎಂದು ನಾನು ಕೂಗಿದಾಗ ಯಂತ್ರ ಹತ್ತಿಕೊಂಡಿತ್ತು. ಮಿತ್ರರು ನೌಕೆಯನ್ನು ಗಾಳಿಗೆ ಎದುರಾಗಿ ಇಂಚಿಂಚಾಗಿ ನೂಕಿದರು. ಸರಪಣಿ ಮೇಲೆ ಬಂದಾಗ ಅದರ ತುದಿಯಲ್ಲಿ ಲಂಗರೇ ಕಾಣದಷ್ಟು ದಪ್ಪನೆಯ ಹುಲ್ಲಿನ ಗಂಟು ತೂಗಾಡುತ್ತಿತ್ತು.

ಹೊರಗೆ ಕಡಲಿಗೆ ಬಿದ್ದ ಮೇಲೆ ಭಯ ಇಮ್ಮಡಿಯಾಗುವುದೆಂದು ನಾನು ಎಣಿಸಿದ್ದೆ. ಮಿತ್ರರ ಮುಖದಲ್ಲಿ ಮಾತ್ರ ನೆಮ್ಮದಿ ಕಾಣಿಸಿಕೊಂಡಿತು. ಹಡಗಿನವರಿಗೆ ಅಪಾಯ ನೀರಲ್ಲ, ನೆಲ. ಹೊಡೆತಕ್ಕೆ ಅಲೆಗಳ ತಲೆ ಹಾರಿಹೋಗಿ ನೀರಿನ ಮೇಲೆ ಹೊಗೆಯಾಡುತ್ತಿತ್ತು. ಅಂಗೈಯಗಲದ ಹಾಯಿ ಬಿಚ್ಚಿ ಪಡುವಲಿಗೆ ಓಡಿ, ಬ್ರಾಚ್ ಮತ್ತು ಶೋಲ್ಟಾ ದ್ವೀಪಗಳ ನಡುವಿನ ಸಂದಿಯಲ್ಲಿ ತಿರುಗಿ, ಮಿಲ್ನಾ ಬಂದರನ್ನು ಸೇರಿದಾಗ ಇನ್ನೂ ಕತ್ತಲು. ಗುಡ್ಡದ ಮರೆಯಲ್ಲಿ ನೀರು ಬಾವಿಯಂತೆ ಶಾಂತವಾಗಿತ್ತು. ಪಕ್ಕದ ನೌಕೆಯಿಂದ ಯಾರೋ ನಿದ್ದೆಗಣ್ಣಿನಲ್ಲಿ ಎದ್ದು ಬಂದು, ಒಂದು ಮಾತೂ ಕೇಳದೆ ನಮ್ಮ ಹಗ್ಗವನ್ನು ಹಿಡಿದು ಕಟ್ಟಿದರು.

ಕಡಲ ತಳದ ಹುಲ್ಲುಗಾವಲು

ಬೆಳಗ್ಗೆ ಆ ಹುಲ್ಲಿನ ಗಂಟನ್ನು ಬಿಡಿಸುತ್ತ ಕೂತಾಗ ತಿಳಿದುಬಂದ ಸಂಗತಿಯನ್ನು ವಾಚಕರಿಗೆ ಹೇಳಲೇಬೇಕು. ಇಪ್ಪತ್ತು ಕಿಲೋ ತೂಕದ ಲಂಗರು ಆರು ಟನ್ನಿನ ನೌಕೆಯನ್ನು ಹಿಡಿದು ನಿಲ್ಲಿಸುವುದು ತನ್ನ ಭಾರದಿಂದಲ್ಲ. ಆಳದ ನಾಲ್ಕೈದು ಪಟ್ಟು ಉದ್ದ ಸರಪಣಿಯನ್ನು ಬಿಟ್ಟರೆ ಅದು ತಳದ ಮೇಲೆ ಮಲಗಿ, ನೌಕೆಯ ಎಳೆತ ಲಂಗರಿಗೆ ಅಡ್ಡಡ್ಡಲಾಗಿ ತಗಲುತ್ತದೆ. ಆಗ ಅದರ ಕೊಂಡಿ ನೇಗಿಲಿನ ಗುಳದಂತೆ ಮರಳಿನಲ್ಲಿ ಹೂತುಕೊಳ್ಳುತ್ತದೆ. ನಾವು ಕಂಡಿದ್ದ ಕಪ್ಪು ತೇಪೆಗಳು ಮರಳಲ್ಲ, ಪೊಸಿಡೋನಿಯ ಎಂಬ ಕಡಲ ಹುಲ್ಲು. ಅದರ ಹೆಣೆದುಕೊಂಡ ಗೆಡ್ಡೆಗಳ ಹಾಸಿನ ಮೇಲೆ ಲಂಗರು ನಾಟುವುದಿಲ್ಲ. ಮೇಲೆ ಮೇಲೆ ಕೆರೆದುಕೊಂಡು ಜಾರುತ್ತದೆ.

ಇದು ಪಾಚಿಯ ಜಾತಿಯದಲ್ಲ. ಬೇರು, ಕಾಂಡ, ಎಲೆ, ಹೂವು, ಕಾಯಿ ಎಲ್ಲವೂ ಇರುವ ನಿಜವಾದ ಗಿಡ. ಮೆಡಿಟರೇನಿಯನ್ ಕಡಲಿನಲ್ಲಿ ಮಾತ್ರ ಬೆಳೆಯತಕ್ಕದ್ದು. ಮೀನುಮರಿಗಳಿಗೆ ಇದೇ ತೊಟ್ಟಿಲು. ಗಾಳಿಯ ಇಂಗಾಲವನ್ನು ಗೆಡ್ಡೆಗಳ ಹಾಸಿನಲ್ಲಿ ಸಾವಿರಾರು ವರ್ಷ ಬಚ್ಚಿಡುವುದೂ, ಅಲೆಗಳ ಹೊಡೆತವನ್ನು ತಗ್ಗಿಸಿ ದಡದ ಮರಳನ್ನು ಉಳಿಸುವುದೂ ಇದೇ. ಇಷ್ಟು ಉಪಕಾರಿಯಾದ ಗಿಡ ವರ್ಷಕ್ಕೆ ಹಬ್ಬುವುದು ಕೆಲವೇ ಸೆಂಟಿಮೀಟರು. ನಮ್ಮ ಲಂಗರು ಒಂದು ರಾತ್ರಿಯಲ್ಲಿ ಉತ್ತ ಸಾಲು ಮುಚ್ಚಿಕೊಳ್ಳಲು ಎಷ್ಟು ವರ್ಷ ಬೇಕೋ ಲೆಕ್ಕ ಹಾಕುವ ಧೈರ್ಯ ನನಗಾಗಲಿಲ್ಲ. ಬೇಸಗೆ ಬಂತೆಂದರೆ ಸಾವಿರಾರು ನೌಕೆಗಳು ಇವೇ ಕೊಲ್ಲಿಗಳಲ್ಲಿ ಸಂಜೆಗೊಮ್ಮೆ ಲಂಗರು ಇಳಿಸಿ ಬೆಳಗ್ಗೆ ಕಿತ್ತುಕೊಂಡು ಹೋಗುತ್ತವೆ. ಈಗ ಹಲವು ಕೊಲ್ಲಿಗಳಲ್ಲಿ ತಳಕ್ಕೆ ಶಾಶ್ವತವಾಗಿ ಭಾರ ಕಟ್ಟಿ ತೇಲುಬುರುಡೆಗಳನ್ನು ಬಿಟ್ಟಿದ್ದಾರೆ. ಬಾಡಿಗೆ ಕೊಟ್ಟು ಅದಕ್ಕೆ ಹಗ್ಗ ಕಟ್ಟಿಕೊಂಡರೆ ಹುಲ್ಲಿಗೂ ಕ್ಷೇಮ, ನಿದ್ದೆಗೂ ಕ್ಷೇಮ. ಬಾಡಿಗೆ ಹೆಚ್ಚೆಂದು ಗೊಣಗುವ ಯಜಮಾನರನ್ನು ಮುಂದೆ ದಾರಿಯುದ್ದಕ್ಕೂ ಕಂಡೆವು. ಆ ರಾತ್ರಿಯ ಮೊದಲು ಆಗಿದ್ದರೆ ನಾನೂ ಅವರೊಡನೆ ಗೊಣಗುತ್ತಿದ್ದೆ.

ಹ್ವಾರ್ ಮತ್ತು ವಿಸ್

ಬೂರಾ ಇಳಿದ ಮೇಲೆ ಹ್ವಾರ್ ದ್ವೀಪಕ್ಕೆ ಹೋದೆವು. ಈ ದ್ವೀಪದ ಹೆಸರಿನ ಪಟ್ಟಣದಲ್ಲಿ 1612ರಲ್ಲಿ ಕಟ್ಟಿದ ನಾಟಕಶಾಲೆಯುಂಟು. ಅದನ್ನು ನೋಡತಕ್ಕದ್ದೇ. ಆದರೆ ಅಲ್ಲಿನ ಕಟ್ಟೆಯಲ್ಲಿ ಕೋಟ್ಯಧೀಶರ ನೌಕೆಗಳ ನಡುವೆ ಇರುಳೆಲ್ಲ ಸಂಗೀತದ ಅಬ್ಬರ. ಸಂಸಾರವಂದಿಗರಿಗೆ ಸಲ್ಲದ ತಾಣ. ನಾವು ತಂಗಿದ್ದು ದ್ವೀಪದ ಉತ್ತರ ಮಗ್ಗುಲಿನ ಸ್ತಾರಿ ಗ್ರಾದ್‌ನಲ್ಲಿ. ಹೆಸರಿನ ಅರ್ಥ ಹಳೆಯ ಊರು ಎಂದು. ಕ್ರಿ.ಪೂ. 384ರಲ್ಲಿ ಪಾರೋಸ್ ದ್ವೀಪದ ಗ್ರೀಕರು ಬಂದು ಊರು ಕಟ್ಟಿ, ಹಿಂದಿನ ಬಯಲನ್ನು ಅಳೆದು, ಕಲ್ಲಿನ ಗೋಡೆಗಳಿಂದ ಹೊಲಗಳಾಗಿ ಪಾಲು ಮಾಡಿದರು. ಇಪ್ಪತ್ತನಾಲ್ಕು ಶತಮಾನಗಳಾದರೂ ಅದೇ ಪಾಲು, ಅದೇ ದ್ರಾಕ್ಷಿ, ಅದೇ ಆಲಿವ್. 2008ರಲ್ಲಿ ಯುನೆಸ್ಕೊ ಈ ಬಯಲನ್ನು ಲೋಕದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಎರಡು ತಲೆಮಾರಿಗೆ ಹೊಲದ ಬದು ಮಾಯವಾಗುವುದನ್ನು ಕಂಡ ನಮಗೆ ಇದು ಪವಾಡವೆಂದೇ ತೋರಿತು.

ಕಡಲ ವಿಹಾರದ ಹುಚ್ಚು ಇಂದಿನದಲ್ಲ ಎಂಬುದಕ್ಕೂ ಈ ಊರೇ ಸಾಕ್ಷಿ. ಪೇತರ್ ಹೆಕ್ತೊರೊವಿಚ್ ಎಂಬ ಇಲ್ಲಿನ ಶ್ರೀಮಂತ ಕವಿ ಮುಪ್ಪಿನಲ್ಲಿ ಇಬ್ಬರು ಬೆಸ್ತರೊಡನೆ ದೋಣಿಯೇರಿ ಬ್ರಾಚ್, ಶೋಲ್ಟಾ ದ್ವೀಪಗಳಿಗೆ ಮೂರು ದಿನ ತಿರುಗಾಡಿ ಬಂದನು. ಅದನ್ನೇ ಕಾವ್ಯವಾಗಿ ಬರೆದು 1568ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದನು. ಬೆಸ್ತರು ಹಾಡಿದ ಹಾಡುಗಳನ್ನು ಸ್ವರಲಿಪಿಯೊಡನೆ ಸೇರಿಸಿದ್ದು ಅವನ ದೊಡ್ಡತನ. ಅವನ ಕೋಟೆಮನೆಯ ಅಂಗಳದ ಕೊಳದಲ್ಲಿ ಇಂದಿಗೂ ಮೀನುಗಳಿವೆ.

ವಿಸ್ ದ್ವೀಪ ಹೊರಗಡಲಿಗೆ ಸರಿದು ಒಂಟಿಯಾಗಿದೆ. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದ ದ್ವೀಪ ಇದು. ಇದಕ್ಕೆ ಎರಡು ಊರು, ಎರಡು ಬಂದರು. ಒಂದರ ಬಾಗಿಲು ಈಶಾನ್ಯಕ್ಕೆ, ಇನ್ನೊಂದರದು ಪಡುವಲಿಗೆ. ಗಾಳಿ ನೋಡಿಕೊಂಡು ಬಾಗಿಲು ಬದಲಾಯಿಸಬಹುದು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಮಾರ್ಷಲ್ ಟಿಟೊ ಇಲ್ಲಿನ ಒಂದು ಗುಹೆಯಿಂದ ಹೋರಾಟವನ್ನು ನಡೆಸಿದರು. ಯುದ್ಧಾನಂತರ ದ್ವೀಪ ಸೈನ್ಯದ ವಶಕ್ಕೆ ಹೋಗಿ, 1989ರವರೆಗೆ ಪರದೇಶದವರಿಗೆ ಪ್ರವೇಶವಿರಲಿಲ್ಲ. ದೊಡ್ಡ ಹೋಟೆಲುಗಳು ಏಳಲಿಲ್ಲ. ದ್ರಾಕ್ಷಿತೋಟಗಳೂ ಕಲ್ಲಿನ ಮನೆಗಳೂ ಉಳಿದುಕೊಂಡವು. ಜಲಾಂತರ್ಗಾಮಿಗಳನ್ನು ಅಡಗಿಸಲೆಂದು ಬಂಡೆಯಲ್ಲಿ ಕೊರೆದ ಸುರಂಗದೊಳಕ್ಕೆ ಈಗ ವಿಹಾರಿಗಳು ದೋಣಿಯಲ್ಲಿ ಹೋಗಿ ಕೂಗಿ ಪ್ರತಿಧ್ವನಿ ಕೇಳುತ್ತಾರೆ.

ಟಿಟೊ ಅವರ ಹೆಸರು ನಮ್ಮ ಹಿರಿಯರಿಗೆ ಪರಿಚಿತವಾದದ್ದೇ. ಅವರು 1954ರ ಕೊನೆಯಲ್ಲಿ ‘ಗಾಲೆಬ್’ ಎಂಬ ತಮ್ಮ ಹಡಗಿನಲ್ಲಿ ಕುಳಿತು ಭಾರತಕ್ಕೆ ಬಂದಿದ್ದರು. ಬಾಳೆಹಣ್ಣು ಸಾಗಿಸಲೆಂದು 1938ರಲ್ಲಿ ಇಟಲಿಯಲ್ಲಿ ಕಟ್ಟಿದ ಹಡಗು ಅದು. 1956ರ ಜುಲೈಯಲ್ಲಿ ನೆಹರೂ ಅವರೂ ಈಜಿಪ್ಟಿನ ನಾಸೆರ್ ಅವರೂ ಇದೇ ಏಡ್ರಿಯಾಟಿಕ್ ಸಮುದ್ರದ ಉತ್ತರದ ಬ್ರಿಯೂನಿ ದ್ವೀಪದಲ್ಲಿ ಟಿಟೊ ಅವರನ್ನು ಕಂಡು ಮಾತಾಡಿದರು. ವಿಸ್ ದ್ವೀಪದಲ್ಲಿ ನಮ್ಮವರಿಗೆ ಹಿಡಿಸುವ ಇನ್ನೊಂದು ವಿಶೇಷವಿದೆ: ಕ್ರಿಕೆಟ್! ನೆಪೋಲಿಯನ್ನನ ಯುದ್ಧಕಾಲದಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ವಿಲಿಯಂ ಹೋಸ್ಟ್, 1811ರಲ್ಲಿ ಚಿಕ್ಕ ಪಡೆಯಿಂದ ದೊಡ್ಡ ಪಡೆಯನ್ನು ಸೋಲಿಸಿದವನು, ಬಿಡುವಿನಲ್ಲಿ ತನ್ನವರಿಂದ ಕ್ರಿಕೆಟ್ ಆಡಿಸುತ್ತಿದ್ದನು. ಈಗ ದ್ವೀಪದವರು ಅವನ ಹೆಸರಿನಲ್ಲಿಯೇ ಒಂದು ಕ್ರಿಕೆಟ್ ಕ್ಲಬ್ಬನ್ನು ನಡೆಸುತ್ತಿದ್ದಾರೆ.

ಪಕ್ಕದ ಬಿಶೆವೊ ನಡುಗಡ್ಡೆಯ ನೀಲಿ ಗುಹೆಯ ವರ್ಣನೆಯನ್ನು ಎಲ್ಲ ಕೈಪಿಡಿಗಳೂ ಮಾಡುತ್ತವೆ. ದೋಣಿ ಹೋಗುವಷ್ಟು ದ್ವಾರವನ್ನು 1884ರಲ್ಲಿ ಒಡೆದು ಮಾಡಿದ್ದು. ನೀರಿನಡಿಯ ಇನ್ನೊಂದು ಕಂಡಿಯಿಂದ ಮಧ್ಯಾಹ್ನಕ್ಕೆ ಮುಂಚಿನ ಬಿಸಿಲು ನುಗ್ಗಿ ಒಳಗೆಲ್ಲ ನೀಲಿಯ ಬೆಳಕು ತುಂಬುತ್ತದೆ. ಸುಂದರವೇ ಸರಿ, ಆದರೆ ಸರದಿಯ ಸಾಲು ತಿರುಪತಿಯನ್ನು ನೆನಪಿಗೆ ತರುವಂತಿತ್ತು.

ಹಾವು, ಮುಂಗುಸಿ ಮತ್ತು ಮೂರು ದಿನದ ಮಳೆ

ಕೋರ್ಚುಲಾ ತಲುಪಿದ ದಿನವೇ ಯೂಗೊ ಹಿಡಿಯಿತು; ಮೂರು ದಿನ ಕಟ್ಟೆ ಬಿಡಲಾಗಲಿಲ್ಲ. ಒಣಹಾಕಿದ ಬಟ್ಟೆ ಮೂರು ದಿನವೂ ಒಣಗಲಿಲ್ಲ. ಬೇಸರಪಡಬೇಕಾದ ಸಮಯದಲ್ಲಿ ಗೋಡೆಯೊಳಗಿನ ಆ ಹಳೆಯ ಪಟ್ಟಣವನ್ನು ಗಲ್ಲಿಗಲ್ಲಿ ತಿರುಗಿದೆವು. ಅದರ ಬೀದಿಗಳು ಮೀನಿನ ಮೂಳೆಯಂತೆ ನಡುಬೀದಿಯಿಂದ ಎರಡೂ ಕಡೆಗೆ ಕವಲೊಡೆದಿವೆ. ಪಡುವಣ ಕವಲುಗಳು ನೇರ, ಮಾಯೆಸ್ತ್ರಾಲ್ ಒಳಗೆ ಬಂದು ಮನೆಗಳನ್ನು ತಂಪಾಗಿಡಲೆಂದು. ಮೂಡಣ ಕವಲುಗಳು ಬಾಗಿವೆ, ಬೂರಾ ಒಳನುಗ್ಗದಿರಲೆಂದು. ಮಿಲ್ನಾಕ್ಕೆ ಓಡಿಬಂದ ರಾತ್ರಿಯಾದ ಮೇಲೆ ಈ ಬೀದಿಗಳ ಬಾಗು ನನಗೆ ಅಲಂಕಾರವಾಗಿ ಕಾಣಲಿಲ್ಲ. ಮಾರ್ಕೊ ಪೋಲೊ ಹುಟ್ಟಿದ ಮನೆಯೆಂದು ಒಂದನ್ನು ತೋರಿಸುತ್ತಾರೆ, ಆಧಾರ ಗಟ್ಟಿಯಾದುದಲ್ಲ. ಆದರೂ ನಮ್ಮ ಮಲಬಾರಿನ ಮೆಣಸನ್ನು ಯೂರೋಪಿಗೆ ವರ್ಣಿಸಿದವನ ಹೆಸರಿಗೆ ಮೆಟ್ಟಿಲು ಹತ್ತಿ ಬಂದೆವು.

ಮ್ಲ್ಯೆತ್ ದ್ವೀಪದಲ್ಲಿ ಭಾರತದ ಸಂಬಂಧ ನಮ್ಮನ್ನು ಎದುರುಗೊಂಡಿತು. ಈ ದ್ವೀಪದಲ್ಲಿ ವಿಷದ ಹಾವುಗಳು ವಿಪರೀತವಾಗಿದ್ದವಂತೆ. 1910ರಲ್ಲಿ ಆಸ್ಟ್ರಿಯ–ಹಂಗೆರಿಯ ಅಧಿಕಾರಿಗಳು ಭಾರತದಿಂದ ಕೆಲವು ಮುಂಗುಸಿಗಳನ್ನು ತರಿಸಿ ಇಲ್ಲಿ ಬಿಟ್ಟರು. ಕೆಲವೇ ದಶಕಗಳಲ್ಲಿ ಹಾವುಗಳು ಹೆಚ್ಚುಕಡಿಮೆ ಇಲ್ಲವಾದವು. ಮುಂಗುಸಿಗಳಿಗೆ ಹಸಿವು ಉಳಿಯಿತಲ್ಲ; ಅವು ಹಕ್ಕಿಗಳ ಮೇಲೂ ಮನೆಗಳ ಕೋಳಿಗಳ ಮೇಲೂ ಬಿದ್ದವು. ಇಂದಿಗೂ ಅವುಗಳ ಸಂತಾನ ಪೊದೆಯಿಂದ ಪೊದೆಗೆ ಓಡುತ್ತಿರುತ್ತದೆ. ಬಾಲವೆತ್ತಿಕೊಂಡು ದಾರಿ ದಾಟಿದ ಒಂದನ್ನು ಕಂಡು ನನ್ನ ಹೆಂಡತಿ ಊರಿನವರು ಸಿಕ್ಕಂತೆ ಹಿಗ್ಗಿದಳು. ಶುಭಶಕುನವೆಂದು ನಮ್ಮ ಕಡೆ ಹೇಳುತ್ತಾರಷ್ಟೆ!

ಇಲ್ಲಿನ ಪೋಲಾಚೆ ಬಂದರು ಯಾವ ದಿಕ್ಕಿನ ಗಾಳಿಗೂ ಹೆಚ್ಚು ಸಿಕ್ಕದು. ರೋಮನರು ಅದನ್ನರಿತೇ ದಡದಲ್ಲಿ ಅರಮನೆ ಕಟ್ಟಿದ್ದರು. ಅದರ ಗೋಡೆಗಳು ನಿಂತಿವೆ. ದ್ವೀಪದ ಪಡುವಣ ಭಾಗ 1960ರಿಂದ ರಾಷ್ಟ್ರೀಯ ಉದ್ಯಾನ. ಕಾಡಿನ ನಡುವೆ ಎರಡು ಉಪ್ಪುನೀರಿನ ಸರೋವರಗಳು, ಒಂದರ ನಡುಗಡ್ಡೆಯಲ್ಲಿ ಹನ್ನೆರಡನೆಯ ಶತಮಾನದ ಕ್ರೈಸ್ತ ಮಠ. ನೌಕೆಯನ್ನು ಬಂದರಿನಲ್ಲಿ ಬಿಟ್ಟು ನಡೆದು ಹೋಗಬೇಕು.

ಕೊನೆಯ ಕಟ್ಟೆ

ಸ್ವಂತ ನೌಕೆಯಿದ್ದವರೇ ಇಲ್ಲಿಗೆ ಬರುತ್ತಾರೆಂದು ತಿಳಿಯಬಾರದು. ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಹಿಡಿಯುವವರೇ ಹೆಚ್ಚು. ನಡೆಸಲು ಅರ್ಹತೆಯ ಪತ್ರ ಬೇಕು, ಇಲ್ಲದವರು ನಾವಿಕನೊಬ್ಬನನ್ನು ಗೊತ್ತುಮಾಡಿಕೊಳ್ಳಬಹುದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ ಮೂರಕ್ಕೇ ಕಟ್ಟೆಗಳು ತುಂಬಿಹೋಗುತ್ತವೆ. ಮೇ, ಜೂನ್, ಸೆಪ್ಟೆಂಬರ್ ಲೇಸು.

ಡುಬ್ರೊವ್ನಿಕ್ ನಗರವನ್ನು ಕಡಲಿನಿಂದ ನೋಡಬೇಕು. ಗೋಡೆಗಳು ನೀರಿನಿಂದಲೇ ಎದ್ದಂತಿವೆ. ಇಲ್ಲಿನ ಗಣರಾಜ್ಯ 1377ರಲ್ಲಿ ಒಂದು ಕಾನೂನು ಮಾಡಿತು: ಸಾಂಕ್ರಾಮಿಕ ರೋಗವಿರುವ ಊರುಗಳಿಂದ ಬಂದವರು ಹತ್ತಿರದ ದ್ವೀಪದಲ್ಲಿಯೋ ಪಕ್ಕದ ಊರಿನಲ್ಲಿಯೋ ಒಂದು ತಿಂಗಳು ಕಳೆದ ಮೇಲೆಯೇ ನಗರ ಪ್ರವೇಶ. 2020ರಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತದ್ದರ ಮೂಲಪುರುಷರು ಇವರೇ ಎನ್ನಬಹುದು. 1991ರ ಡಿಸೆಂಬರ್ 6ರಂದು ಇದೇ ಹಳೆಯ ನಗರದ ಮೇಲೆ ಗುಂಡಿನ ಮಳೆಯಾಯಿತು. ಮುರಿದ ಹೆಂಚುಗಳ ಜಾಗದಲ್ಲಿ ಹೊಸ ಹೆಂಚು ಹಾಕಿದ್ದಾರೆ. ಗೋಡೆಯ ಮೇಲೆ ನಡೆದರೆ ಹಳೆಯ ಮಾಸಿದ ಕೆಂಪು ಯಾವುದು, ಹೊಸ ಉಜ್ವಲ ಕೆಂಪು ಯಾವುದು ಎಂದು ಬರಿಗಣ್ಣಿಗೆ ತಿಳಿಯುತ್ತದೆ. ಹೊಸದೇ ಹೆಚ್ಚು.

ಹಳೆಯ ಬಂದರಿನಲ್ಲಿ ನಮ್ಮಂಥವರಿಗೆ ತಾವಿಲ್ಲ. ನಗರದ ಪಕ್ಕದ ನೀಳವಾದ ಕೊಲ್ಲಿಯೊಳಕ್ಕೆ ಹೋಗಿ ನೌಕೆಯನ್ನು ಕಟ್ಟಿದೆವು. ಮಿತ್ರರು ಅಲ್ಲಿಯೇ ಉಳಿದರು. ಪಾಲುದಾರರು ಬಂದ ಮೇಲೆ, ಯೂಗೊ ಮೆಲ್ಲನೆ ಬೀಸುವ ದಿನ ನೋಡಿಕೊಂಡು, ಅದನ್ನೇ ಬೆನ್ನಿಗೆ ಹಾಕಿಕೊಂಡು ಉತ್ತರಕ್ಕೆ ಮರಳುವುದು ಅವರ ಯೋಜನೆ. ನಾವು ವಿಮಾನ ನಿಲ್ದಾಣದ ಬಸ್ಸು ಹತ್ತಿದೆವು. ದಾರಿ ಬೆಟ್ಟದ ಮಗ್ಗುಲಿನಲ್ಲಿ ಏರಿ, ಕೆಳಗೆ ನಗರವೂ ಕಡಲೂ ಒಂದೇ ನೋಟಕ್ಕೆ ಕಾಣಿಸಿದಾಗ ಪ್ರಯಾಣಿಕರೆಲ್ಲ ಕಡಲಿನ ಕಡೆಗೆ ಬಾಗಿ ಚಿತ್ರ ತೆಗೆಯತೊಡಗಿದರು. ನನ್ನ ಹೆಂಡತಿ ಮಾತ್ರ ಇನ್ನೊಂದು ಕಿಟಕಿಯಿಂದ ಮೇಲಕ್ಕೆ, ಬೆಟ್ಟದ ತಲೆಯ ಮೇಲೆ ಮೋಡವಿದೆಯೇ ಎಂದು ನೋಡುತ್ತಿದ್ದಳು.